ಸುಟ್ಟ ನೆತ್ತಿಯಲ್ಲಿ ಮತ್ತೆ ಕೂದಲು

ಒಲೆಯ ಬೆಂಕಿಯೋ ಕುದಿಯುವ ನೀರೋ ತಗುಲಿ ತಲೆ ಸುಟ್ಟ ಮಗು ಬದುಕಿ ಉಳಿದರೆ ಮನೆಯವರೆಲ್ಲ ಮೊದಲು ದೇವರಿಗೆ ಕೈಮುಗಿಯುತ್ತಾರೆ. ಗಾಯ ಮಾಯ್ದ ಮೇಲೆ ಬೇರೊಂದು ಕೊರಗು ತೊಡಗುತ್ತದೆ. ನೆತ್ತಿಯ ಮೇಲೆ ಅಂಗೈಯಗಲ ಹೊಳೆಯುವ ಕಲೆ. ಅಲ್ಲಿ ಒಂದೆಳೆ ಕೂದಲಿಲ್ಲ. ಹೆಣ್ಣುಮಗುವಾದರೆ ಜಡೆ ಹೆಣೆಯುವಾಗಲೆಲ್ಲ ತಾಯಿ ಅದನ್ನು ಮುಚ್ಚಲು ಹೆಣಗುತ್ತಾಳೆ. ಬಂದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳಿ ಹೋಗುತ್ತಾರೆ.

ಕೂದಲು ಹುಟ್ಟುವ ಎಡೆಯನ್ನು ಹಿರಿಯರು ರೋಮಕೂಪವೆಂದರು. ಕೂಪವೆಂದರೆ ಬಾವಿ. ಇಂಥ ಪದ ಸಿಕ್ಕರೆ ಕನ್ನಡ ಪಂಡಿತನಿಗೆ ಬಿಡುವ ಮನಸ್ಸಾಗದು. ಆದರೆ ಇಲ್ಲಿ ಪದವೇ ವಿಷಯವನ್ನೂ ತಿಳಿಸುತ್ತದೆ. ಸುಟ್ಟದ್ದು ಆಳಕ್ಕಿಳಿದರೆ ಈ ಬಾವಿಗಳೇ ಹಾಳಾಗಿ, ಆ ಜಾಗವನ್ನು ಗಡುಸಾದ ಕಲೆ ತುಂಬಿಕೊಳ್ಳುತ್ತದೆ. ಅಲ್ಲಿ ಎಣ್ಣೆ ತಿಕ್ಕಿದರೆ ಚರ್ಮ ಮೆದುವಾದೀತು, ಕೂದಲು ಬಾರದು. ಮೇಲುಮೇಲೆ ಸುಟ್ಟು ಕೂಪ ಉಳಿದಿದ್ದರೆ ಎಣ್ಣೆಯಿಲ್ಲದೆಯೂ ಬರುತ್ತದೆ. ಕೀರ್ತಿ ಮಾತ್ರ ಎಣ್ಣೆಗೆ!

ಹಾಗಾದರೆ ದಾರಿಯೇನು? ಅದೇ ತಲೆಯ ಬೇರೆಡೆಯಿಂದ ಕೂದಲನ್ನು ಬುಡಸಹಿತ ತರಬೇಕು. ಜಪಾನಿನ ಚರ್ಮವೈದ್ಯ ಶೋಜಿ ಒಕುಡಾ ಇದನ್ನು 1939ರಲ್ಲಿಯೇ ಬರೆದಿದ್ದರು. ಕೂದಲಿರುವ ಚರ್ಮದಿಂದ ಪುಟ್ಟ ದುಂಡು ತುಣುಕುಗಳನ್ನು ತೆಗೆದು, ಕಲೆಯಲ್ಲಿ ಕುಳಿ ಮಾಡಿ ನೆಟ್ಟರು. ಭತ್ತದ ಸಸಿ ಕಿತ್ತು ನಾಟಿ ಹಾಕುವ ಹಾಗೆ. ಯುದ್ಧದ ಗದ್ದಲದಲ್ಲಿ ಆ ಮಾತು ಪಶ್ಚಿಮಕ್ಕೆ ಮುಟ್ಟಲಿಲ್ಲ. 1959ರಲ್ಲಿ ನ್ಯೂಯಾರ್ಕಿನ ನಾರ್ಮನ್ ಆರೆಂಟ್ರೈಕ್ ಕೂದಲು ನಾಟಿಯ ವಿಷಯ ಬರೆದ ಮೇಲೆಯೇ ಅಲ್ಲಿನವರು ಕಿವಿಗೊಟ್ಟರು.

ಈಗ 1ರಿಂದ 4 ಕೂದಲಿನ ಸಣ್ಣ ಸಣ್ಣ ಬುಡಗಳನ್ನೇ ನೆಡುತ್ತಾರೆ. ಕಲೆಯಲ್ಲಿ ರಕ್ತದ ಹರಿವು ಕಡಮೆ. ನೆಟ್ಟದ್ದೆಲ್ಲ ಹಿಡಿಯದು, ಮತ್ತೊಮ್ಮೆ ನೆಡಬೇಕಾದೀತು. ನೆಟ್ಟ ಕೂದಲು ಕೆಲವು ವಾರಗಳಲ್ಲಿ ಉದುರಿದರೆ ಗಾಬರಿ ಬೇಡ. ಬುಡ ಹಿಡಿದಿದ್ದರೆ 3-4 ತಿಂಗಳಿಗೆ ಚಿಗುರುತ್ತದೆ.

ಕಲೆ ದೊಡ್ಡದಾದರೆ ಉಪಾಯ ಬೇರೆ. ಪಕ್ಕದ ಕೂದಲಿರುವ ಚರ್ಮದಡಿ ಸಿಲಿಕೋನ್ ಚೀಲವನ್ನಿಟ್ಟು, ವಾರವಾರವೂ ಸಲೈನ್ ನೀರು ತುಂಬುತ್ತ, ಕೆಲವು ತಿಂಗಳು ಚರ್ಮವನ್ನು ಹಿಗ್ಗಿಸುತ್ತಾರೆ. ಬಳಿಕ ಕಲೆಯನ್ನು ಕತ್ತರಿಸಿ ತೆಗೆದು, ಹಿಗ್ಗಿದ ಚರ್ಮವನ್ನು ಅದರ ಜಾಗಕ್ಕೆ ಎಳೆದು ಹೊಲಿಯುತ್ತಾರೆ. ನೆತ್ತಿಯ ಸುಮಾರು ಅರ್ಧದಷ್ಟು ಕಲೆಯನ್ನೂ ಹೀಗೆ ಮುಚ್ಚಬಹುದು. ಕೂದಲಿನ ಸಂಖ್ಯೆ ಹೆಚ್ಚುವುದಿಲ್ಲ, ಇದ್ದದ್ದೇ ಹರಡಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ತಲೆ ಒಂದು ಕಡೆ ಬುಗುಟಿನಂತೆ ಉಬ್ಬಿರುತ್ತದೆ. ತರಗತಿಯ ಹುಡುಗರ ಬಾಯಿ ಎಂಥದೆಂದು ನಾನು ಬಲ್ಲೆ. ಮೇಷ್ಟರಿಗೆ ನೀವು ಮೊದಲೇ ಒಂದು ಮಾತು ಹೇಳಿಡುವುದು ಲೇಸು.

ಕಲೆ ಮಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಸರ್ಜರಿ ವೈದ್ಯರಿಗೆ ತೋರಿಸಿ. ಈ ಎರಡರಲ್ಲಿ ಯಾವುದು ಒಗ್ಗುವುದೆಂದು ತಲೆಯನ್ನು ಮುಟ್ಟಿ ನೋಡಿಯೇ ಅವರು ಹೇಳಬೇಕು.