ಆಂಟ್ವರ್ಪಿನ ಆ ಆಗಸ್ಟ್ ತಿಂಗಳು

ನಮ್ಮ ಅನಗೋಳದ ಶಾಲೆಯೊಂದರ ಕ್ರೀಡಾದಿನಕ್ಕೆ ಒಮ್ಮೆ ಹೋಗಿದ್ದೆ. ಅಲ್ಲಿ ನಿಧಾನ ಸೈಕಲ್ ಸ್ಪರ್ಧೆ ಎಂಬುದೊಂದಿತ್ತು. ಎಲ್ಲರಿಗಿಂತ ಕಡೆಗೆ ಗೆರೆ ಮುಟ್ಟಿದವನೇ ಜಯಶಾಲಿ. ಕಾಲು ನೆಲಕ್ಕೆ ತಗಲಿತೋ, ಸೋತಂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಸರ, ಇದೂ ಒಂದು ರೇಸ್ ಏನ್ರಿ?" ಎಂದು ನಕ್ಕರು. ರೇಸ್ ಹೌದು, ಲೋಕದ ಅತಿ ವೇಗದ ಸವಾರರು ಆಡುವ ರೇಸಿನ ಅರ್ಧಭಾಗವೇ ಅದು. ಆ ಮಾತಿನ ವಿವರಣೆಗೆ ನಾನು 1920ನೆಯ ಇಸವಿಗೆ ಹೋಗಬೇಕಾಗಿದೆ.

ಆ ವರ್ಷದ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಬೆಲ್ಜಿಯಮ್ಮಿನ ರೇವುಪಟ್ಟಣವಾದ ಆಂಟ್ವರ್ಪಿನಲ್ಲಿ, ಸೈಕಲ್ ಪಥದ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಈ ಪಂದ್ಯಗಳ ಮೂಲ 1893ರ ಷಿಕಾಗೋ. ಸ್ವಾಮಿ ವಿವೇಕಾನಂದರ ವಾಣಿ ಮೊಳಗಿದ ವರ್ಷವೂ ಊರೂ ಅದೇ ಎಂಬುದು ನಮ್ಮಲ್ಲಿ ಬಹುಜನರಿಗೆ ಹೊಳೆದಿರಲಾರದು. ಮಹಾಯುದ್ಧದಿಂದಾಗಿ ವರ್ಷಗಟ್ಟಲೆ ನಿಂತುಹೋಗಿದ್ದ ಸ್ಪರ್ಧೆ ಪುನಃ ಆರಂಭವಾದದ್ದು ಯುದ್ಧದ ಪೆಟ್ಟನ್ನು ಮೊದಲು ತಿಂದ ನಾಡುಗಳಲ್ಲೊಂದರಲ್ಲಿ.

ಪಥವೆಂದರೆ ಬಯಲಲ್ಲ. ಬೋಗುಣಿಯ ಅಂಚಿನಂತೆ ತಿರುವುಗಳಲ್ಲಿ ಮೇಲೆದ್ದು ನಿಂತ ವರ್ತುಲ. ಅಲ್ಲಿಯ ಸೈಕಲ್ಲಿಗೆ ಬ್ರೇಕು ಇಲ್ಲ. ಚಕ್ರ ತಿರುಗುತ್ತಿರುವವರೆಗೆ ಪೆಡಲೂ ತಿರುಗುತ್ತಲೇ ಇರಬೇಕು. ಮುಂದಿರುವವನು ಗಾಳಿಯನ್ನು ಸೀಳಬೇಕು, ಹಿಂದಿರುವವನು ಅವನ ಮರೆಯಲ್ಲಿ ದಣಿವಿಲ್ಲದೆ ಬರುತ್ತಾನೆ. ಆದ್ದರಿಂದ ಸ್ಪ್ರಿಂಟ್ ಎಂಬ ಓಟದಲ್ಲಿ ಯಾರಿಗೂ ಮುಂದೆ ಹೋಗುವ ಮನಸ್ಸಿಲ್ಲ. ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ತೆವಳುತ್ತಾರೆ. ಕೆಲವೊಮ್ಮೆ ಕಾಲೂರದೆ ನಿಂತೇಬಿಡುತ್ತಾರೆ, ಅನಗೋಳದ ಆ ಹುಡುಗರಂತೆಯೇ. ಯಾರೋ ಒಬ್ಬನ ಸಹನೆ ಕೆಡುತ್ತದೆ. ಆಮೇಲೆ ಇಳಿಜಾರಿನ ಬಲವನ್ನೂ ಕೂಡಿಸಿಕೊಂಡು ಕೊನೆಯ ಇನ್ನೂರು ಮೀಟರುಗಳಲ್ಲಿ ಸಿಡಿಲಿನಂತೆ ಎರಗುತ್ತಾರೆ.

ಆಂಟ್ವರ್ಪಿನಲ್ಲಿ ಹವ್ಯಾಸಿಗಳ ಸ್ಪ್ರಿಂಟ್ ಗೆದ್ದವನು ಹಾಲೆಂಡಿನ ಮೌರಿಸ್ ಪೇಟರ್ಸ್. ವಯಸ್ಸು 38. ಕೆಲವೇ ದಿನಗಳಲ್ಲಿ ಅದೇ ಊರಿನ ಒಲಿಂಪಿಕ್ಸಿನಲ್ಲಿಯೂ ಚಿನ್ನ ಅವನದೇ. ಕಾಯುವುದನ್ನು ಬಲ್ಲ ದೇಹ ಅದು. ಅರವತ್ತು ದಾಟಿದ ನನಗೆ ಈ ಸಂಗತಿ ತುಸು ಹೆಚ್ಚೇ ಪ್ರಿಯ. ಹಣಕ್ಕಾಗಿ ಆಡುವವರಿಗೆ ಬೇರೆ ಪಂದ್ಯ, ಊಟದ ಪಂಕ್ತಿಭೇದದ ಹಾಗೆ. ಅದರಲ್ಲಿ ಆಸ್ಟ್ರೇಲಿಯದ ರಾಬರ್ಟ್ ಸ್ಪಿಯರ್ಸ್ ಗೆದ್ದನು. ಮೋಟಾರು ಸೈಕಲ್ಲಿನ ಬೆನ್ನಿಗೆ ಅಂಟಿಕೊಂಡು ಹೋಗುವ ದೀರ್ಘ ಓಟ ಫ್ರಾನ್ಸಿನ ಜಾರ್ಜ್ ಸೆರೆಸ್‌ನ ಪಾಲಾಯಿತು. ವಿಶ್ವ ಎಂಬ ಹೆಸರಿತ್ತು, ಭಾರತೀಯನೊಬ್ಬನೂ ಅಲ್ಲಿರಲಿಲ್ಲ.

ಆದರೆ ಅದೇ ಊರಿನಲ್ಲಿ, ಅದೇ ತಿಂಗಳ 22ರಂದು, ನಮ್ಮ ಬೆಳಗಾವಿಯವರೊಬ್ಬರು ಓಡಿದರು. ಫಡೆಪ್ಪ ದರೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಬರಿಗಾಲಿನ ರೈತರ ಓಟವನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು ಒಂದು ಚಿಕ್ಕ ತಂಡವನ್ನು ಒಲಿಂಪಿಕ್ಸಿಗೆ ಕಳುಹಿಸಲು ಮುಂದಾದರು. ಹುಬ್ಬಳ್ಳಿಯ ಕೈಕಾಡಿಯವರೂ ಅದರಲ್ಲಿದ್ದರು. ಆ ಸಲದ ಮ್ಯಾರಥಾನ್ ಒಲಿಂಪಿಕ್ಸಿನ ಚರಿತ್ರೆಯಲ್ಲೇ ಅತಿ ಉದ್ದದ್ದು, 42.75 ಕಿಲೋಮೀಟರು. ಫಿನ್ಲೆಂಡಿನ ಕೊಲೆಹ್ಮೈನೆನ್ ಗೆದ್ದನು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು.

ಓಡಲು ಹೋದವರು ಸೈಕಲ್ ಹೂಡಲು ಏಕೆ ಹೋಗಲಿಲ್ಲ? ನಮ್ಮವರ ಕಾಲಿನಲ್ಲಿ ಬಲವಿರಲಿಲ್ಲವೆಂದು ಯಾರೂ ಹೇಳಲಾರರು. ಬೆಳಗಾವಿಯ ಕೆಂಪು ಮಣ್ಣಿನ ದಾರಿ ಓಟಗಾರನನ್ನು ಬಿಟ್ಟಿಯಾಗಿ ಬೆಳೆಸೀತು. ವಾಲಿದ ಪಥವನ್ನು ಮಾತ್ರ ಯಾರಾದರೂ ದುಡ್ಡು ಸುರಿದು ಕಟ್ಟಲೇಬೇಕು. ಅದರ ಮೇಲೆ ದಿನವೂ ಬಿದ್ದೆದ್ದು ಕಲಿಯಬೇಕು. ಏಷ್ಯನ್ ಕ್ರೀಡೆಗಳಿಗಾಗಿ ದೆಹಲಿಯಲ್ಲಿ ಅಂಥ ಪಥ ಸಿದ್ಧವಾದದ್ದು 1982ರಲ್ಲಿ. ಮುಂದೆ ಅಂಡಮಾನಿನ ಹುಡುಗ ಎಸೋ ಆಲ್ಬೆನ್, ಸ್ವಿಟ್ಜರ್ಲೆಂಡಿನಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿಯ ಪದಕ ಪಡೆದನು. ಅದು 2018ರ ಆಗಸ್ಟ್. ಚೌಗುಲೆಯವರು ಓಡಿದ ಆಗಸ್ಟಿಗೂ ಈ ಆಗಸ್ಟಿಗೂ ನಡುವೆ 98 ವರ್ಷ.