ಕೆಂಗೇರಿಯ ಊರೂ ವೃಷಭಾವತಿಯ ಹೊಳೆಯೂ



ದೊಡ್ಡ ಪಟ್ಟಣಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆ ಪಟ್ಟಣಗಳು ಬೆಳೆಯುತ್ತ ಬೆಳೆಯುತ್ತ ತಮ್ಮೊಳಕ್ಕೆ ಸೇರಿಸಿಕೊಂಡ ಹಳ್ಳಿಗಳ ಚರಿತ್ರೆಯನ್ನು ವಿಚಾರಿಸುವವರು ವಿರಳ. ಈ ದಿನ ಅಂತಹ ಒಂದು ಊರಿನ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ವೃಷಭಾವತಿಯ ಮಗ್ಗುಲಲ್ಲಿರುವ ಕೆಂಗೇರಿಯೇ ಆ ಊರು.

ಮೊದಲು ನೆಲದ ಇಳಿಜಾರನ್ನು ತಿಳಿಯಬೇಕು. ಕೆಂಪೇಗೌಡನು 1537ರಲ್ಲಿ ಕಟ್ಟಿಸಿದ ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಅದರ ಪೂರ್ವದ ಕಡೆಗೆ ಬಿದ್ದ ಮಳೆ ದಕ್ಷಿಣಪಿನಾಕಿನಿಯನ್ನು ಸೇರುತ್ತದೆ. ಪಶ್ಚಿಮದ ಕಡೆಗೆ ಬಿದ್ದುದು ವೃಷಭಾವತಿಯಾಗಿ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದಮೂಲದಲ್ಲಿ ಈ ನದಿಯ ಉಗಮವೆಂದು ಜನರ ನಂಬಿಕೆ. ಹೆಸರು ಬಂದುದೂ ಅದರಿಂದಲೇ. ಅದು ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿಗಳನ್ನು ಹಾದು ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಆದುದರಿಂದ ಕೆಂಗೇರಿಯು ಒಂದು ಕಡೆ ಬೆಂಗಳೂರಿಗೂ ಇನ್ನೊಂದು ಕಡೆ ಕಾವೇರಿಗೂ ನಂಟಾದ ಊರು.

ಹಿಂದೆ ಈ ಹೊಳೆ ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಸೊರಗುವಂಥದು. ಈ ಸೀಮೆಯ ಹೊಳೆಗಳು ಬತ್ತಿದಾಗ ಜನರು ಮರಳಿನಲ್ಲಿ ತಲಪರಿಗೆ ತೋಡಿ ನೀರು ತೆಗೆಯುತ್ತಿದ್ದರು. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಕಣದಲ್ಲಿಯೇ ಧಾನ್ಯ ಸಲ್ಲುತ್ತಿತ್ತು. ಗ್ರಾಮದೇವತೆಯ ಹಬ್ಬ ಬಂದರೆ ಹೆಂಗಸರು ತಂಬಿಟ್ಟಿನ ಆರತಿಗಳನ್ನು ಹೊತ್ತು ಸಾಲಾಗಿ ನಡೆಯುತ್ತಿದ್ದರು. ಆದರೆ ಹಳೆಯದೆಲ್ಲವೂ ಹೊಗಳತಕ್ಕದ್ದಲ್ಲ. ಹಳ್ಳಿಯ ಒಗ್ಗಟ್ಟನ್ನು ಕೊಂಡಾಡುವವರು, ಊರ ಬಾವಿಯಲ್ಲಿ ಕೊಡ ಮುಳುಗಿಸಲು ಎಲ್ಲ ಕೇರಿಯವರಿಗೂ ಅಧಿಕಾರವಿರಲಿಲ್ಲವೆಂಬುದನ್ನು ಮರೆಯಬಾರದು. ನೀರನ್ನು ಕಾಪಾಡುವ ವಿವೇಕವೂ ಅದನ್ನು ಹಂಚಿಕೊಳ್ಳಲಾರದ ಅವಿವೇಕವೂ ಒಂದೇ ಊರಿನಲ್ಲಿದ್ದುವು.

ಕೆಂಗೇರಿಯ ಹೆಸರು ದೂರದವರ ಕಿವಿಗೆ ಬಿದ್ದುದು ರೇಷ್ಮೆಯಿಂದ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸಬು, ಹುಳುಗಳಿಗೆ ರೋಗ ತಗಲಿ 1860ರ ದಶಕದಲ್ಲಿ ಕುಂದಿತು. ಆಗ ಡಿ ವೆಕ್ಕಿ ಎಂಬ ಇಟಲಿ ದೇಶದವನು ಜಪಾನಿನಿಂದ ಮೊಟ್ಟೆಗಳನ್ನು ತರಿಸಿ, ಕೆಂಗೇರಿಯಲ್ಲಿ ಉಗಿಯ ಶಕ್ತಿಯಿಂದ ನೂಲು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಗೂಡುಗಳನ್ನು ಬಿಸಿನೀರಿನಲ್ಲಿ ನೆನೆಯಿಸಿ ಎಳೆ ಬಿಡಿಸಬೇಕಾದ ಕೆಲಸಕ್ಕೆ ನೀರಿಲ್ಲದೆ ನಡೆಯದು. 1881-82ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ರೈಲು ಓಡಿತು. ಅಂದಿನಿಂದ ಊರಿನ ದೃಷ್ಟಿ ಮೆಲ್ಲಮೆಲ್ಲನೆ ಹೊಳೆಯ ಕಡೆಯಿಂದ ಹಾದಿಯ ಕಡೆಗೆ ತಿರುಗಿತೆನ್ನಬಹುದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಬೆಳವಣಿಗೆ ವೇಗವಾಯಿತು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಸಮೀಪದಲ್ಲಿಯೇ ಜ್ಞಾನಭಾರತಿಯ ಆವರಣವಾಯಿತು; ಕೆಂಗೇರಿ ಉಪನಗರವು ಹುಟ್ಟಿತು. 2007ರಲ್ಲಿ ಏಳು ನಗರಸಭೆಗಳನ್ನೂ ನೂರಕ್ಕೆ ಮೇಲ್ಪಟ್ಟ ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದಾಗ, ಅವುಗಳೊಂದಿಗೆ ಸೇರಿದ ಏಕಮಾತ್ರ ಪುರಸಭೆ ಕೆಂಗೇರಿಯದು. ಮೆಟ್ರೋ ರೈಲು 2021ರ ಆಗಸ್ಟಿನಲ್ಲಿ ಕೆಂಗೇರಿಗೂ 2023ರ ಅಕ್ಟೋಬರಿನಲ್ಲಿ ಅದರಾಚೆಯ ಚಲ್ಲಘಟ್ಟಕ್ಕೂ ಬಂದಿತು. ದೂರದೂರದ ಜಿಲ್ಲೆಗಳವರು ಇಲ್ಲಿ ಮನೆಮಾಡಿ, ಮಕ್ಕಳನ್ನು ಓದಿಸಿ, ಊರಿನವರೇ ಆಗಿದ್ದಾರೆ. ಇದು ಸಂತೋಷಪಡಬೇಕಾದ ಸಂಗತಿ.

ಆದರೆ ಹೊಳೆಯ ಗತಿಯೇನಾಯಿತು? ಅದು ಬತ್ತಲಿಲ್ಲ, ವರ್ಷವೆಲ್ಲ ಹರಿಯತೊಡಗಿತು. ಹರಿಯುತ್ತಿರುವುದು ಮಾತ್ರ ಬಹುಪಾಲು ನಗರದ ಕೊಚ್ಚೆ ಮತ್ತು ಕಾರ್ಖಾನೆಗಳ ಕಲ್ಮಷ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. 1974ರಿಂದ ಬೆಂಗಳೂರಿಗೆ ಕಾವೇರಿಯ ನೀರು ಬರುತ್ತಿದೆ. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಯಂತ್ರಗಳಿಂದ ಅದನ್ನು ಏರಿಸಬೇಕು. ಇಷ್ಟು ವೆಚ್ಚಮಾಡಿ ತಂದ ನೀರನ್ನು ಒಮ್ಮೆ ಬಳಸಿದ ಮೇಲೆ ಪಡುವಣ ಬಡಾವಣೆಗಳವರು ವೃಷಭಾವತಿಗೆ ಬಿಡುತ್ತೇವೆ. ಅದು ಕೆಂಗೇರಿಯ ಮಗ್ಗುಲಲ್ಲಿಯೇ ಇಳಿದು, ಅರ್ಕಾವತಿಯನ್ನು ಹೊಕ್ಕು, ಮರಳಿ ಕಾವೇರಿಯ ದಾರಿಯನ್ನೇ ಹಿಡಿಯುತ್ತದೆ. ನಿರ್ಮಲವಾಗಿ ಬಂದ ಅತಿಥಿಯನ್ನು ಮಲಿನಗೊಳಿಸಿ ಬೀಳ್ಕೊಡುವ ಮರ್ಯಾದೆ ಇದು!

ಇದರ ಫಲವನ್ನು ಉಣ್ಣುವವರು ನಾವಷ್ಟೇ ಅಲ್ಲ. ಬಿಡದಿಯ ಬಳಿ ಇದೇ ನದಿಗೆ 1940ರ ದಶಕದಲ್ಲಿ ಬೈರಮಂಗಲದ ಜಲಾಶಯವನ್ನು ಕಟ್ಟಿದರು. ಹೊಲಗದ್ದೆಗಳಿಗೆ ಹೊಳೆಯ ನೀರು ದೊರೆಯಲೆಂಬುದು ಕಟ್ಟಿದವರ ಉದ್ದೇಶ. ಈಗ ಅಲ್ಲಿಗೆ ನೊರೆಗಟ್ಟಿದ ನೀರು ಬರುತ್ತದೆ. ಅದನ್ನೇ ಹಾಯಿಸಿ ರೈತರು ದನಗಳ ಮೇವಿನ ಹುಲ್ಲನ್ನು ಬೆಳೆಯುತ್ತಾರೆ. ಆ ಹಾಲು ಯಾರ ಮನೆಯ ಮಕ್ಕಳಿಗೆ ಹೋಗುವುದೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಮೇಲಿನ ಊರು ಮಾಡಿದ ಸಾಲವನ್ನು ಕೆಳಗಿನ ಊರು ತೀರಿಸುವುದು ಧರ್ಮವಲ್ಲ.

ಪರಿಹಾರವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಬೆಂಗಳೂರಿನ ಇನ್ನೊಂದು ಕಣಿವೆಯ ಬಳಸಿದ ನೀರನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗಿದೆ. ಆ ಶುದ್ಧಿ ಇನ್ನೂ ಉತ್ತಮವಾಗಬೇಕೆಂಬ ಆಕ್ಷೇಪಣೆಗಳುಂಟು, ಅವು ನ್ಯಾಯವಾದುವೇ. ಆದರೂ ಬಳಸಿದ ನೀರು ಬಿಸಾಡುವ ಪದಾರ್ಥವಲ್ಲವೆಂಬುದು ಅದರಿಂದ ಸಿದ್ಧವಾಯಿತು. ವೃಷಭಾವತಿಯ ಕಣಿವೆಯಲ್ಲಿಯೂ ಶುದ್ಧೀಕರಣದ ಸ್ಥಾವರಗಳಿವೆ. ಒಂದು ತೊಟ್ಟು ಕೊಚ್ಚೆಯೂ ಅವುಗಳನ್ನು ತಪ್ಪಿಸಿಕೊಂಡು ಹೊಳೆಗೆ ಬೀಳದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಮಳೆಯ ನೀರು ಹೋಗಬೇಕಾದ ರಾಜಕಾಲುವೆಗೆ ಮನೆಯ ಬಚ್ಚಲನ್ನು ತಿರುಗಿಸದಿರುವುದು ನಾಗರಿಕರ ಕರ್ತವ್ಯ. ಬಡಾವಣೆಯ ಸಂಘಗಳು ರಾಜ್ಯೋತ್ಸವವನ್ನೂ ಗಣೇಶೋತ್ಸವವನ್ನೂ ವಿಜೃಂಭಣೆಯಿಂದ ನಡೆಸುತ್ತವೆ. ಅದೇ ಉತ್ಸಾಹದಲ್ಲಿ ಸ್ವಲ್ಪವನ್ನು ತಮ್ಮ ಬೀದಿಯ ಕಾಲುವೆ ಎಲ್ಲಿಗೆ ಸೇರುತ್ತದೆಂದು ನಡೆದು ನೋಡುವುದಕ್ಕೆ ಮೀಸಲಿಟ್ಟರೆ, ಹಳೆಯ ನೀರುಗಂಟಿಯ ಕೆಲಸವನ್ನು ಹೊಸ ಊರು ಕೈಗೆತ್ತಿಕೊಂಡಂತಾಗುತ್ತದೆ. ಈ ಸಲ ಆ ನೀರಿನಲ್ಲಿ ಎಲ್ಲ ಕೇರಿಯವರಿಗೂ ಸಮನಾದ ಪಾಲಿರಬೇಕು.

ಹಾದಿಯು ಊರಿಗೆ ಜನರನ್ನು ತಂದುಕೊಟ್ಟಿತು. ಬಂದವರೂ ಇದ್ದವರೂ ಒಂದೇ ಊರಿನವರೆನ್ನಿಸಿಕೊಳ್ಳುವುದಕ್ಕೆ ಎಲ್ಲರೂ ಸೇರಿ ಕಾಪಾಡಬೇಕಾದ ಒಂದು ವಸ್ತು ಬೇಕು. ಕೆಂಗೇರಿಗೆ ಅಂತಹ ವಸ್ತು ಮಗ್ಗುಲಲ್ಲಿಯೇ ಹರಿಯುತ್ತಿದೆ.