ನವಜಾತ ಶಿಶುವಿನ ಮೆದುಳಿನ ರಕ್ತಸಂಚಾರ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹಸುಗೂಸಿನ ನೆತ್ತಿಯ ಮೇಲೆ ಮೂಳೆಯಿಲ್ಲದ ಮೆತ್ತನೆಯ ಜಾಗವೊಂದಿರುತ್ತದೆ. ಅಜ್ಜಿಯಂದಿರು ಎಣ್ಣೆ ಹಚ್ಚುವ ಜಾಗ ಅದು. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅಲ್ಟ್ರಾಸೌಂಡ್ ಅಲೆಗಳು ಮೂಳೆಯನ್ನು ಸುಲಭವಾಗಿ ದಾಟಲಾರವು, ಇಲ್ಲಿ ದಾಟುತ್ತವೆ. ಹೀಗಾಗಿ ವೈದ್ಯರಿಗೆ ಅದು ಮೆದುಳನ್ನು ನೋಡುವ ಕಿಟಕಿ.

ನೋಡುವ ಅಗತ್ಯವೇನು? 32 ವಾರಗಳಿಗೂ ಮೊದಲೇ ಹುಟ್ಟಿದ ಮಗುವಿನ ಮೆದುಳಿನಲ್ಲಿ ಕೆಲವು ರಕ್ತನಾಳಗಳು ಬಹಳ ನಾಜೂಕಾಗಿರುತ್ತವೆ. ರಕ್ತದೊತ್ತಡ ಏರಿಳಿದರೂ ನಮ್ಮ ಮೆದುಳು ತನಗೆ ಬೇಕಾದಷ್ಟೇ ರಕ್ತವನ್ನು ಪಡೆದುಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಈ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರಕ್ತ ಕಡಿಮೆಯಾದರೆ ಜೀವಕೋಶಗಳು ಸೊರಗುತ್ತವೆ. ಒಮ್ಮೆಲೇ ನುಗ್ಗಿದರೆ ನಾಳ ಒಡೆದು ರಕ್ತಸ್ರಾವವಾಗಬಹುದು. ಇಂಥ ರಕ್ತಸ್ರಾವ ಹೆಚ್ಚಾಗಿ ಆಗುವುದು ಹುಟ್ಟಿದ ಮೊದಲ 3 ದಿನಗಳಲ್ಲಿ. ಎಷ್ಟೋ ಸಲ ಹೊರಗೆ ಯಾವ ಲಕ್ಷಣವೂ ಕಾಣುವುದಿಲ್ಲ. ತಲೆನೋವು ಎಂದು ಹೇಳಲು ಮಗುವಿಗೆ ಬಾಯಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಭೌತಶಾಸ್ತ್ರ. ರೈಲು ಹತ್ತಿರ ಬರುವಾಗ ಅದರ ಸೀಟಿ ತೀಕ್ಷ್ಣವಾಗಿ ಕೇಳುತ್ತದೆ, ದೂರ ಹೋಗುವಾಗ ದಪ್ಪಗಾಗುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕನ್ನು ಕುರಿತು ಬರೆಯುತ್ತ ಈ ತತ್ತ್ವವನ್ನು ಮಂಡಿಸಿದರು. ಹರಿಯುವ ರಕ್ತಕಣಗಳಿಗೆ ತಾಗಿ ಮರಳುವ ಅಲೆಯೂ ಹೀಗೆಯೇ ಬದಲಾಗುತ್ತದೆ. ಆ ವ್ಯತ್ಯಾಸದಿಂದ ರಕ್ತದ ವೇಗ ತಿಳಿಯುತ್ತದೆ. 1979ರಲ್ಲಿ ಹೆನ್ರಿಯೆಟಾ ಬಾಡಾ ಮತ್ತು ಸಂಗಡಿಗರು ನವಜಾತ ಶಿಶುಗಳ ಮೆದುಳಿನ ರಕ್ತಸಂಚಾರವನ್ನು ಈ ವಿಧಾನದಿಂದ ಪರೀಕ್ಷಿಸಿ ಪ್ರಕಟಿಸಿದರು.

ಲೆಕ್ಕ ಸರಳವಾಗಿದೆ. ಹೃದಯ ಕುಗ್ಗಿದಾಗ ರಕ್ತದ ವೇಗ ಸೆಕೆಂಡಿಗೆ 50 ಸೆಂಟಿಮೀಟರ್, ಹಿಗ್ಗುವ ಕೊನೆಯಲ್ಲಿ 15 ಎಂದಿಟ್ಟುಕೊಳ್ಳಿ. ವ್ಯತ್ಯಾಸವಾದ 35ನ್ನು 50ರಿಂದ ಭಾಗಿಸಿದರೆ 0.7. ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿನಲ್ಲಿ ಇದು ಸುಮಾರು ಇಷ್ಟೇ ಇರುತ್ತದೆ. ಹುಟ್ಟುವಾಗ ಉಸಿರುಗಟ್ಟಿದ ಮಗುವಿನಲ್ಲಿ 0.55ಕ್ಕಿಂತ ಕೆಳಗಿಳಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಆದರೆ ಒಂದು ಕೊರತೆಯಿದೆ. ಸ್ಕ್ಯಾನ್ ಕೆಲವೇ ನಿಮಿಷಗಳದ್ದು. ಅಪಾಯವೋ ಎರಡು ಸ್ಕ್ಯಾನ್‌ಗಳ ನಡುವೆಯೂ ಬರಬಹುದು. ನಾರ್ವೆಯ ಟ್ರೊಂಡ್‌ಹೈಮ್ ನಗರದ ಸಂಶೋಧಕರು ಇದಕ್ಕಾಗಿಯೇ 'ನಿಯೋಡಾಪ್ಲರ್' ಎಂಬ ಉಪಕರಣವನ್ನು ರೂಪಿಸಿದರು. ಅದರ ಪುಟ್ಟ ಪ್ರೋಬನ್ನು ಮಗುವಿನ ನೆತ್ತಿಯ ಮೇಲೆ ಕೂರಿಸಿದರೆ ಯಾರೂ ಕೈಯಲ್ಲಿ ಹಿಡಿದಿರಬೇಕಿಲ್ಲ. ರಕ್ತದ ಹರಿವನ್ನು ಎಡೆಬಿಡದೆ ಗಮನಿಸಬಹುದು. ಹಾಗೆಂದು ಯಂತ್ರ ತೋರಿಸುವ ಒಂದು ಅಂಕಿಯನ್ನೇ ನಂಬಿ ಚಿಕಿತ್ಸೆ ನಿರ್ಧರಿಸಲಾಗದು. ರಕ್ತದೊತ್ತಡ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಇವೆಲ್ಲವನ್ನೂ ಜೊತೆಗಿಟ್ಟು ವೈದ್ಯರು ತೂಗಿ ನೋಡಬೇಕಾಗುತ್ತದೆ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ. ಬೇಗ ಹುಟ್ಟಿದ ಮಗುವಿನ ತಲೆಗೆ ಸ್ಕ್ಯಾನ್ ಮಾಡಬೇಕೆಂದು ವೈದ್ಯರು ಹೇಳಿದರೆ ಹೆದರಿ ಬೇಡವೆನ್ನಬೇಡಿ. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ, ಸೂಜಿ ಚುಚ್ಚುವುದಿಲ್ಲ, ಮಗುವನ್ನು ವಾರ್ಡಿನಿಂದ ಹೊರಗೆ ಒಯ್ಯಬೇಕಾಗಿಲ್ಲ. ಏನು ಕಂಡಿತು, ಮತ್ತೆ ಯಾವಾಗ ನೋಡಬೇಕು ಎಂದು ಕೇಳಿ ತಿಳಿದುಕೊಳ್ಳಿ. ರಿಪೋರ್ಟನ್ನು ಜೋಪಾನವಾಗಿಡಿ.

ವಿದ್ಯಾರ್ಥಿಗಳೇ, ನಕ್ಷತ್ರಗಳ ಬಗ್ಗೆ ಬರೆದ ಡಾಪ್ಲರ್‌ರಿಗೆ ಹಸುಗೂಸಿನ ನೆತ್ತಿಯ ಯೋಚನೆಯೇ ಇರಲಿಲ್ಲ. ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡುವ ಸೂತ್ರವೂ ನಾಳೆ ಒಂದು ಮಗುವನ್ನು ಕಾಪಾಡಬಹುದು. ಅರ್ಥ ಮಾಡಿಕೊಂಡು ಓದಿ.